ಸಿಡಿಲು ದಾರಿ ಮಾಡಿಕೊಳ್ಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ. ಆ ಮಳೆಯ ಜೊತೆಗೇ ಸಿಡಿಲೂ ಬರುತ್ತದೆ, ಪ್ರಶ್ನೆಗಳೂ ಬರುತ್ತವೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಜನ ಕ್ಲಾಸಿನಲ್ಲಿ, ಕಟ್ಟೆಯ ಮೇಲೆ, ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಮಿಂಚಿನ ದಾರಿಯ ವಿಷಯವೇ ಇಲ್ಲಿ ಜಾಸ್ತಿ. ಹೊರಗೆ ಈಗಲೇ ಗುಡುಗುತ್ತಿದ್ದರೆ ಕುರಿಗಳ ಪ್ರಶ್ನೆಯಿಂದ ಓದಲು ಶುರು ಮಾಡಿ. ಉಳಿದದ್ದನ್ನು ಮಳೆ ನಿಂತ ಮೇಲೆ ಓದಿದರೂ ನಡೆಯುತ್ತದೆ.

ಮೋಡದಲ್ಲಿ ಕರೆಂಟು ಹುಟ್ಟುವುದು ಎಲ್ಲಿಂದ?

ಮಂಜುಗಡ್ಡೆಯಿಂದ. ಗದಗಿನಲ್ಲಿ 40 ಡಿಗ್ರಿ ಬಿಸಿಲಿದ್ದರೂ ಸುಮಾರು 5 ಕಿಲೋಮೀಟರ್ ಮೇಲೆ ಹೋದರೆ ನೀರು ಹೆಪ್ಪುಗಟ್ಟುವಷ್ಟು ಚಳಿ. ಸಿಡಿಲಿನ ಮೋಡ ಅದನ್ನೂ ದಾಟಿ 12, 15 ಕಿಲೋಮೀಟರ್‌ವರೆಗೆ ಬೆಳೆದಿರುತ್ತದೆ. ಅದರೊಳಗೆ ಹಗುರವಾದ ಹಿಮದ ಹರಳುಗಳಿರುತ್ತವೆ. ಸ್ವಲ್ಪ ಭಾರದ ಮೆದು ಆಲಿಕಲ್ಲುಗಳಿರುತ್ತವೆ. ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದರೂ ಇನ್ನೂ ಗಟ್ಟಿಯಾಗದ ನೀರಿನ ಹನಿಗಳೂ ಇರುತ್ತವೆ.

ಹರಳುಗಳನ್ನು ಗಾಳಿ ಮೇಲಕ್ಕೆ ಒಯ್ಯುತ್ತದೆ. ಆಲಿಕಲ್ಲು ಕೆಳಗೆ ಜಾರುತ್ತದೆ. ದಾರಿಯಲ್ಲಿ ಎರಡಕ್ಕೂ ಡಿಕ್ಕಿ. ಡಿಕ್ಕಿ ಹೊಡೆದಾಗೆಲ್ಲ ಒಂದಿಷ್ಟು ಚಾರ್ಜ್ ಕೈ ಬದಲಾಯಿಸುತ್ತದೆ. ಹರಳು ಪಾಸಿಟಿವ್ ಆಗಿ ಮೇಲೆ ಹೋಗುತ್ತದೆ, ಆಲಿಕಲ್ಲು ನೆಗೆಟಿವ್ ಆಗಿ ನಡುವೆ ಉಳಿಯುತ್ತದೆ. ಹೀಗಾಗಿ ಮೋಡದ ತಲೆಯಲ್ಲಿ ಪಾಸಿಟಿವ್, 6ರಿಂದ 8 ಕಿಲೋಮೀಟರ್ ಎತ್ತರದ ಹೊಟ್ಟೆಯಲ್ಲಿ ನೆಗೆಟಿವ್. ತಳದಲ್ಲಿ ಒಂದು ಸಣ್ಣ ಪಾಸಿಟಿವ್ ಪದರವೂ ಇರುತ್ತದೆ. ಸಿಡಿಲು ಕೆಳಗಿಳಿಯಲು ಈ ಸಣ್ಣ ಪದರ ಬಹಳ ಸಹಾಯ ಮಾಡುತ್ತದೆ ಅನ್ನುವುದು ಈಚಿನವರ ಲೆಕ್ಕ.

ಏಪ್ರಿಲ್-ಮೇ ತಿಂಗಳಲ್ಲಿ ಇಷ್ಟು ಸಿಡಿಲು, ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆಗೆ ಒಂದೂ ಇಲ್ಲ. ಯಾಕೆ?

ಮೋಡದ ಎತ್ತರ ಬೇರೆ ಬೇರೆ. ಬೇಸಿಗೆಯಲ್ಲಿ ನೆಲ ಕಾದು ಗಾಳಿ ಜೋರಾಗಿ ಮೇಲೇರುತ್ತದೆ, ಮೋಡ ಹಿಮದ ಮಟ್ಟ ದಾಟುತ್ತದೆ. ಜುಲೈ ಮೋಡಗಳಲ್ಲಿ ಬಹಳಷ್ಟು ಅಷ್ಟು ಎತ್ತರಕ್ಕೆ ಏಳುವುದೇ ಇಲ್ಲ. ಹಿಮ ಇಲ್ಲ, ಡಿಕ್ಕಿ ಇಲ್ಲ, ಸಿಡಿಲೂ ಇಲ್ಲ. ಮುಂಗಾರು ಹಿಂದೆ ಸರಿಯುವಾಗ, ಅಂದರೆ ಹಸ್ತ, ಚಿತ್ತ ಮಳೆಗಳ ಹೊತ್ತಿಗೆ, ಗುಡುಗು ಮತ್ತೆ ಕೇಳಿಸುತ್ತದೆ.

ಗಾಳಿಯಲ್ಲಿ ಕರೆಂಟು ಹರಿಯುವುದಿಲ್ಲ ಅಲ್ವಾ? ಮತ್ತೆ ಮೊದಲ ಕಿಡಿ ಹೇಗೆ?

ಈ ಒಂದು ಪ್ರಶ್ನೆಗೆ ವಿಜ್ಞಾನಿಗಳು ಇವತ್ತಿಗೂ ಜಗಳ ಆಡುತ್ತಿದ್ದಾರೆ. ನೆಲಮಟ್ಟದಲ್ಲಿ ಒಂದು ಮೀಟರ್ ಗಾಳಿಯನ್ನು ಸೀಳಲು ಸುಮಾರು 30 ಲಕ್ಷ ವೋಲ್ಟ್ ಬೇಕು. 6 ಕಿಲೋಮೀಟರ್ ಮೇಲೆ ಗಾಳಿ ತೆಳುವಾದ್ದರಿಂದ ಅದರ ಅರ್ಧ ಸಾಕು. ಆದರೆ ಬಲೂನು ಹಾರಿಸಿ ಮೋಡದೊಳಗೆ ಅಳೆದಾಗ ಸಿಗುವುದು ಮೀಟರಿಗೆ ಒಂದೆರಡು ಲಕ್ಷ ವೋಲ್ಟ್, ಅಪರೂಪಕ್ಕೆ 4 ಲಕ್ಷ. ಲೆಕ್ಕಕ್ಕೂ ಅಳತೆಗೂ ತಾಳೆಯೇ ಇಲ್ಲ!

ಒಂದು ಉತ್ತರ ಹಿಮದ ಹರಳಿನಲ್ಲಿದೆ. ಉದ್ದನೆಯ, ಚೂಪಾದ ಹರಳಿನ ತುದಿಯಲ್ಲಿ ವಿದ್ಯುತ್ ಕ್ಷೇತ್ರ, ಅಂದರೆ ಮೀಟರಿಗೆ ಇಷ್ಟು ವೋಲ್ಟ್ ಅನ್ನುವ ಸೆಳೆತ, ಹಲವು ಪಟ್ಟು ಏರುತ್ತದೆ. ಕಿಡಿ ಅಲ್ಲೇ ಹುಟ್ಟಬಹುದು. ಇನ್ನೊಂದು ಉತ್ತರ ಆಕಾಶದಾಚೆಯಿಂದ ಬರುವ ಕಾಸ್ಮಿಕ್ ಕಿರಣಗಳದ್ದು. ಅವು ಬಡಿದಾಗ ಬಿಡುಗಡೆಯಾಗುವ ಎಲೆಕ್ಟ್ರಾನುಗಳು ಮೋಡದ ಕ್ಷೇತ್ರದಲ್ಲಿ ಬೆಳಕಿನ ಹತ್ತಿರದ ವೇಗಕ್ಕೆ ಓಡಿ, ಮತ್ತಷ್ಟು ಎಲೆಕ್ಟ್ರಾನುಗಳನ್ನು ಎಬ್ಬಿಸುತ್ತವೆ. ರಷ್ಯಾದ ಗುರೆವಿಚ್ ಮತ್ತು ಜೊತೆಗಾರರು ಇದನ್ನು 1992ರಲ್ಲಿ ಮುಂದಿಟ್ಟರು. ಎರಡೂ ಸೇರಿಯೇ ಕೆಲಸ ಮಾಡುತ್ತಿರಬಹುದು ಅಂತ ವಾದಿಸುವವರೂ ಇದ್ದಾರೆ. ನನಗೂ ಆ ಕಡೆಯೇ ಒಲವು.

ಸ್ಟ್ರೀಮರ್, ಲೀಡರ್ ಅಂತ ಓದಿದೆ. ಎರಡಕ್ಕೂ ಏನು ವ್ಯತ್ಯಾಸ?

ಸ್ಟ್ರೀಮರ್ ಅಂದರೆ ತೆಳ್ಳಗಿನ, ಮಂದ ಬೆಳಕಿನ ಎಳೆ. ಅದರೊಳಗಿನ ಗಾಳಿ ಬಿಸಿಯಾಗಿರುವುದಿಲ್ಲ. ಹುಟ್ಟಿದಷ್ಟೇ ಬೇಗ ಸಾಯುತ್ತದೆ. ಒಂದೇ ಜಾಗದಿಂದ ಇಂಥ ಎಳೆಗಳು ನೂರಾರು ಹೊರಟಾಗ ಅವುಗಳ ಕರೆಂಟೆಲ್ಲ ಬುಡದಲ್ಲಿ ಒಂದಾಗುತ್ತದೆ. ಆ ಬುಡದ ಗಾಳಿ ಸಾವಿರಾರು ಡಿಗ್ರಿಗೆ ಕಾಯುತ್ತದೆ. ಅಷ್ಟು ಕಾದ ಗಾಳಿಯಲ್ಲಿ ಕರೆಂಟು ಸುಲಭವಾಗಿ ಹರಿಯುತ್ತದೆ. ಅದೇ ಲೀಡರ್. ಅದರ ತುದಿಯಿಂದ ಹೊಸ ಸ್ಟ್ರೀಮರ್‌ಗಳು ಹೊರಡುತ್ತವೆ, ಅವು ಮುಂದಿನ ಗಾಳಿಯನ್ನು ಕಾಯಿಸುತ್ತವೆ, ಲೀಡರ್ ಇನ್ನಷ್ಟು ಉದ್ದವಾಗುತ್ತದೆ. ಮೋಡದಿಂದ ನೆಲದವರೆಗೆ ನಡೆಯುವುದು ಇಷ್ಟೇ. ಮೊದಲೇ ಹಾಕಿಟ್ಟ ದಾರಿ ಯಾವುದೂ ಇಲ್ಲ. ಹೋಗುತ್ತಾ ಹೋಗುತ್ತಾ ದಾರಿ ಆಗುತ್ತದೆ.

ಮಿಂಚು ಅಂಕುಡೊಂಕು ಯಾಕೆ? ನೇರವಾಗಿ ಬಂದರೆ ಹತ್ತಿರ ಆಗುತ್ತಿರಲಿಲ್ವಾ?

ನೆಲ ಎಲ್ಲಿದೆ ಅಂತ ಅದಕ್ಕೆ ಗೊತ್ತಿದ್ದರೆ ತಾನೇ! ಲೀಡರ್‌ನ ತುದಿಗೆ ತಟ್ಟುವುದು ತನ್ನ ಸುತ್ತಲಿನ ಕ್ಷೇತ್ರ ಮಾತ್ರ. ಕೆಳಗಿಳಿಯುವ ನೆಗೆಟಿವ್ ಲೀಡರ್ ಒಂದೇ ಓಟದಲ್ಲಿ ಬರುವುದಿಲ್ಲ. ಒಂದು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ, ಮತ್ತೊಂದು ಹೆಜ್ಜೆ ಇಡುತ್ತದೆ. ಒಂದೊಂದು ಹೆಜ್ಜೆ ಕೆಲವು ಮೀಟರುಗಳಿಂದ 50 ಮೀಟರುಗಳವರೆಗೆ ಉದ್ದ. ಹೆಜ್ಜೆ ಇಡಲು ಒಂದು ಮೈಕ್ರೋಸೆಕೆಂಡ್ ಸಾಕು. ಮುಂದಿನ ಹೆಜ್ಜೆಗೆ ಮೊದಲು 20ರಿಂದ 50 ಮೈಕ್ರೋಸೆಕೆಂಡ್ ತಡೆಯುತ್ತದೆ.

ಆ ತಡೆಯುವ ಹೊತ್ತಿನಲ್ಲಿ ನಡೆಯುವುದೇ ಸ್ವಾರಸ್ಯ. ತುದಿಯ ಮುಂದೆ, ಅದಕ್ಕೆ ತಾಗದ ಹಾಗೆ, ಗಾಳಿಯಲ್ಲೇ ಒಂದು ಸಣ್ಣ ಬಿಸಿ ತುಂಡು ಹುಟ್ಟುತ್ತದೆ. ಅದು ಎರಡೂ ಕಡೆಗೆ ಬೆಳೆಯುತ್ತದೆ. ಹಿಂದಕ್ಕೆ ಬೆಳೆದ ತುದಿ ಮುಖ್ಯ ಲೀಡರ್‌ಗೆ ತಾಗಿತೋ ಇಲ್ಲವೋ, ಪಟಕ್ಕನೆ ಇಡೀ ತುಂಡಿಗೆ ಲೀಡರ್‌ನ ವೋಲ್ಟೇಜ್ ಬರುತ್ತದೆ. ಅದೇ ಒಂದು ಹೆಜ್ಜೆ. ಆ ತುಂಡು ಎಲ್ಲಿ ಹುಟ್ಟಿತು ಅನ್ನುವುದರ ಮೇಲೆ ಹೆಜ್ಜೆ ಎಡಕ್ಕೋ ಬಲಕ್ಕೋ ತಿರುಗುತ್ತದೆ. ಕೆಲವು ಸಲ ಒಂದೇ ಹೊತ್ತಿಗೆ ಎರಡು ತುಂಡು ಹುಟ್ಟುತ್ತವೆ. ಆಗ ಕವಲು ಒಡೆಯುತ್ತದೆ. ಶಿವರಾತ್ರಿ ಕಳೆದ ಮೇಲೆ ನವಲಗುಂದದ ಎರೆ ಹೊಲ ಬಿರಿಯುವುದನ್ನು ನೋಡಿದ್ದೀರಲ್ಲ, ಬಿರುಕು ತುದಿಯಿಂದ ತುದಿಗೆ ಮುಂದುವರಿಯುತ್ತಾ, ಮಣ್ಣು ಎಲ್ಲಿ ಸೋತಿದೆಯೋ ಅಲ್ಲಿ ತಿರುಗುತ್ತಾ, ಕವಲೊಡೆಯುತ್ತಾ ಹೋಗುತ್ತದೆ. ಲೀಡರ್‌ನ ನಕ್ಷೆಯೂ ಹಾಗೇ ಇರುತ್ತದೆ.

ಇಷ್ಟೆಲ್ಲ ನಿಂತು ನಿಂತು ಬಂದರೂ ಸರಾಸರಿ ವೇಗ ಸೆಕೆಂಡಿಗೆ ಸುಮಾರು 200 ಕಿಲೋಮೀಟರ್. ಮೋಡದಿಂದ ನೆಲಕ್ಕೆ ಬರಲು ಸೆಕೆಂಡಿನ 1000 ಭಾಗದಲ್ಲಿ 20-30 ಭಾಗ ಸಾಕು. ರೆಪ್ಪೆ ಬಡಿಯುವುದರೊಳಗೆ ಎಲ್ಲ ಮುಗಿದಿರುತ್ತದೆ.

ಸಿಡಿಲು ಮೇಲಿಂದ ಕೆಳಗೆ ಬರುತ್ತೋ, ಕೆಳಗಿಂದ ಮೇಲೆ ಹೋಗುತ್ತೋ?

ಎರಡೂ. ಪಿಯುಸಿ ಹುಡುಗರು ಈ ಪ್ರಶ್ನೆಗೆ ಪಂಥ ಕಟ್ಟುತ್ತಾರೆ, ಇಬ್ಬರೂ ಗೆಲ್ಲುತ್ತಾರೆ.

ಲೀಡರ್ ಮೇಲಿಂದ ಇಳಿಯುತ್ತದೆ. ಅದರ ಬೆಳಕು ಮಂದ, ಬರಿಗಣ್ಣಿಗೆ ಸಿಗುವುದಿಲ್ಲ. ಅದರ ತುದಿ ನೆಲದ ಹತ್ತಿರ ಬಂದಾಗ ಕೆಳಗಿನ ಮರ, ಕಂಬ, ಗುಡಿಯ ಕಳಸ, ಒಮ್ಮೊಮ್ಮೆ ಬಯಲಲ್ಲಿ ನಿಂತ ಮನುಷ್ಯ, ಎಲ್ಲರ ತುದಿಯಿಂದಲೂ ಮೇಲ್ಮುಖವಾಗಿ ಸಣ್ಣ ಲೀಡರ್‌ಗಳು ಏಳುತ್ತವೆ. ಅವುಗಳಲ್ಲಿ ಒಂದು ಇಳಿದು ಬಂದ ಲೀಡರ್‌ಗೆ ಗಾಳಿಯಲ್ಲೇ ಸಿಕ್ಕುತ್ತದೆ. ಅಲ್ಲಿಗೆ ಮೋಡಕ್ಕೂ ನೆಲಕ್ಕೂ ಒಂದೇ ತಂತಿ ಕಟ್ಟಿದಂತಾಯಿತು. ಲೀಡರ್ ತನ್ನ ಉದ್ದಕ್ಕೂ ಹೊತ್ತು ತಂದಿದ್ದ ಚಾರ್ಜ್ ನೆಲಕ್ಕೆ ಸುರಿಯತೊಡಗುತ್ತದೆ. ಸುರಿಯುವುದು ಮೊದಲು ಶುರುವಾಗುವುದು ಕೆಳತುದಿಯಲ್ಲಿ, ಆಮೇಲೆ ಅದರ ಮೇಲಿನ ಭಾಗದಲ್ಲಿ. ಹಾಗಾಗಿ ಕಣ್ಣು ಕುಕ್ಕುವ ಬೆಳಕು ನೆಲದಿಂದ ಮೋಡದ ಕಡೆಗೆ ಓಡುತ್ತದೆ, ಬೆಳಕಿನ ವೇಗದ ಮೂರನೇ ಒಂದರಿಂದ ಅರ್ಧದಷ್ಟು ವೇಗದಲ್ಲಿ. ನಾವು ಮಿಂಚು ಅಂತ ನೋಡುವುದು ಇದನ್ನೇ. ಕರೆಂಟು ಸಾಮಾನ್ಯವಾಗಿ 30 ಸಾವಿರ ಆಂಪಿಯರ್ ಆಸುಪಾಸು. ಶಾಖ ಸುಮಾರು 30 ಸಾವಿರ ಡಿಗ್ರಿ, ಸೂರ್ಯನ ಮೇಲ್ಮೈಗಿಂತ ಐದು ಪಟ್ಟು.

ಹಾಗಾದರೆ ಯಾವ ಮರಕ್ಕೆ ಬಡಿಯಬೇಕು ಅಂತ ತೀರ್ಮಾನ ಆಗುವುದು ಯಾವಾಗ?

ಕೊನೆಯ ಗಳಿಗೆಯಲ್ಲಿ. ಕೊನೆಯ ಹತ್ತಾರು ಮೀಟರುಗಳಲ್ಲಿ, ಹೆಚ್ಚೆಂದರೆ ನೂರಿನ್ನೂರು ಮೀಟರ್ ಉಳಿದಾಗ. ಅದಕ್ಕೂ ಮೇಲೆ ಇರುವಾಗ ಲೀಡರ್‌ಗೆ ನಿಮ್ಮ ಮನೆ, ಪಕ್ಕದ ಹೊಲದ ಹುಣಸೆ ಮರ, ಎರಡೂ ಒಂದೇ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ನೆನಪಿಡಬೇಕಾದ ಮಾತು ಇದೊಂದೇ. ಮುಂದಿನ ಅರ್ಧ ಪ್ರಶ್ನೆಗಳ ಉತ್ತರ ಇದರಲ್ಲೇ ಇದೆ.

ಎತ್ತರದ ವಸ್ತುವಿಗೆ ಬಡಿಯುತ್ತದೆ ಅನ್ನುವುದೂ ಅರ್ಧ ಸತ್ಯ. ಹತ್ತಿರ ಇದ್ದ ಎತ್ತರದ ವಸ್ತು ಮೊದಲು ಕೈ ಚಾಚುತ್ತದೆ, ಅಷ್ಟೇ. 200 ಮೀಟರ್ ಆಚೆ ಮೊಬೈಲ್ ಟವರ್ ಇದ್ದರೂ ಈಚೆ ಮೆಣಸಿನಕಾಯಿ ಹೊಲದ ಬದುವಿಗೆ ಸಿಡಿಲು ಬೀಳಬಹುದು. ಕವಲುಗಳಿರುವುದರಿಂದ ಒಂದೇ ಮಿಂಚು ಎರಡು ಕಡೆ ನೆಲ ಮುಟ್ಟುವುದೂ ಉಂಟು.

ಮಿಂಚು ಪಟಪಟ ಅಂತ ನಾಲ್ಕೈದು ಸಲ ಮಿನುಗುವುದು ಯಾಕೆ?

ಅದು ಕಣ್ಣಿನ ಭ್ರಮೆ ಅಲ್ಲ. ಒಂದೇ ದಾರಿಯಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ಏಟು ಬರುತ್ತವೆ. ಮೊದಲ ಏಟು ಮುಗಿದ ಮೇಲೆ ಸುಮಾರು 60 ಮಿಲಿಸೆಕೆಂಡ್ ಕತ್ತಲೆ. ಆದರೆ ದಾರಿ ಇನ್ನೂ ಬಿಸಿಯಾಗಿರುತ್ತದೆ, ಗಾಳಿ ಅಲ್ಲಿ ತೆಳುವಾಗಿರುತ್ತದೆ. ಅಷ್ಟರಲ್ಲಿ ಮೋಡದೊಳಗೆ ಹರಡಿದ ಲೀಡರ್‌ನ ಕೊಂಬೆಗಳು ಇನ್ನೊಂದು ಕಡೆಯ ಚಾರ್ಜ್ ಮುಟ್ಟಿದರೆ ಹೊಸ ಲೀಡರ್ ಅದೇ ದಾರಿಯಲ್ಲಿ ಇಳಿಯುತ್ತದೆ. ಇದಕ್ಕೆ ಡಾರ್ಟ್ ಲೀಡರ್ ಅಂತಾರೆ. ಹುಡುಕಾಟ ಇಲ್ಲ, ಕವಲಿಲ್ಲ, ಸೆಕೆಂಡಿಗೆ 10 ಸಾವಿರ ಕಿಲೋಮೀಟರ್ ವೇಗ. ದಾರಿ ತಣ್ಣಗಾಗಿಬಿಟ್ಟಿದ್ದರೆ ಮಾತ್ರ ಅರ್ಧಕ್ಕೆ ಬಿಟ್ಟು ಬೇರೆ ದಾರಿ ಹಿಡಿದು ಇನ್ನೊಂದು ಜಾಗಕ್ಕೆ ಬಡಿಯುತ್ತದೆ.

ಕೆಳಗೆ ಬರುವ ತುದಿಯ ಕತೆ ಆಯಿತು. ಮೇಲಿನ ತುದಿ ಏನು ಮಾಡುತ್ತಿರುತ್ತದೆ?

ಈ ಪ್ರಶ್ನೆ ಕೇಳುವವರು ಕಮ್ಮಿ, ಕೇಳಬೇಕಾದದ್ದು ಇದೇ. ಲೀಡರ್‌ಗೆ ಎರಡು ತುದಿ. ನೆಗೆಟಿವ್ ತುದಿ ಕೆಳಗಿಳಿಯುವಾಗಲೇ ಪಾಸಿಟಿವ್ ತುದಿ ಮೋಡದ ನೆಗೆಟಿವ್ ಹೊಟ್ಟೆಯೊಳಗೆ ಕೊಂಬೆ ಕೊಂಬೆಯಾಗಿ ಹರಡುತ್ತಿರುತ್ತದೆ, ಅಲ್ಲಿಂದ ಚಾರ್ಜ್ ಒಟ್ಟುಗೂಡಿಸುತ್ತಿರುತ್ತದೆ. ಜರ್ಮನಿಯ ಹೈಂಜ್ ಕಾಸೆಮಿರ್ 1950ರಲ್ಲೇ ಇದನ್ನು ಹೇಳಿದ್ದರು. ಬಹಳ ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವಿಮಾನಗಳಿಗೆ ಬಡಿದ ಸಿಡಿಲನ್ನು ಅಳೆದ ಮೇಲೆ ಜನ ಒಪ್ಪಿದರು. ವಿಮಾನದ ಒಂದು ತುದಿಯಿಂದ ಪಾಸಿಟಿವ್, ಇನ್ನೊಂದು ತುದಿಯಿಂದ ನೆಗೆಟಿವ್ ಲೀಡರ್ ಹೊರಡುತ್ತಿತ್ತು.

ಎರಡು ತುದಿಗಳ ನಡಿಗೆ ಬೇರೆ ಬೇರೆ. ಪಾಸಿಟಿವ್ ಸ್ಟ್ರೀಮರ್‌ಗೆ ಮೀಟರಿಗೆ 5 ಲಕ್ಷ ವೋಲ್ಟ್ ಇದ್ದರೆ ಮುಂದುವರಿಯಲು ಸಾಕು, ನೆಗೆಟಿವ್‌ಗೆ ಅದರ ಎರಡು ಪಟ್ಟು ಬೇಕು. ಹಾಗಾಗಿ ಪಾಸಿಟಿವ್ ತುದಿ ದೊಡ್ಡ ಹೆಜ್ಜೆ ಹಾಕದೆ ಸರಾಗವಾಗಿ, ಸದ್ದಿಲ್ಲದೆ, ನಿಧಾನವಾಗಿ ಸರಿಯುತ್ತದೆ. ಮೋಡದೊಳಗಿನ ದಾರಿಯನ್ನು ಗುರುತಿಸುವುದು ರೇಡಿಯೋ ಸದ್ದಿನಿಂದ, ಅದನ್ನೂ ಅಷ್ಟಾಗಿ ಮಾಡುವುದಿಲ್ಲ. ಅದಕ್ಕೇ ಅದನ್ನು ನೋಡುವುದು ಕಷ್ಟವಾಗಿತ್ತು. 2019ರಲ್ಲಿ ನೆದರ್ಲೆಂಡ್ಸ್‌ನ ಲೋಫಾರ್ ರೇಡಿಯೋ ದೂರದರ್ಶಕ ಅದನ್ನು ಹಿಡಿಯಿತು. ನಕ್ಷತ್ರ ನೋಡಲು ಕಟ್ಟಿದ ಯಂತ್ರ ಅದು! ಪಾಸಿಟಿವ್ ಕೊಂಬೆಗಳ ಪಕ್ಕದಿಂದ ಸೂಜಿಯಂಥ ಸಣ್ಣ ಮಿಂಚುಗಳು ಮತ್ತೆ ಮತ್ತೆ ಎದ್ದು ಆರುತ್ತಿದ್ದವು. ಒಮ್ಮೆ ಸಿಡಿದ ಮೋಡದಲ್ಲಿ ಚಾರ್ಜ್ ಯಾಕೆ ಉಳಿದಿರುತ್ತದೆ, ಮತ್ತೆ ಯಾಕೆ ಸಿಡಿಯುತ್ತದೆ ಅನ್ನುವುದಕ್ಕೆ ಈ ಸೂಜಿಗಳು ಕಾರಣ ಇರಬೇಕು ಅಂತ ಅದನ್ನು ಕಂಡ ವಿಜ್ಞಾನಿಗಳ ವಾದ.

ದಾರಿ ಎಷ್ಟು ದಪ್ಪ ಇರುತ್ತದೆ?

ಹೊಳೆಯುವ ತಿರುಳು ಒಂದೆರಡು ಸೆಂಟಿಮೀಟರ್ ಅಷ್ಟೇ. ಬೆಳಕು ಜಾಸ್ತಿ ಇರುವುದರಿಂದ ಫೋಟೋದಲ್ಲಿ ದಪ್ಪ ಕಾಣುತ್ತದೆ.

ಎಲ್ಲ ಮಿಂಚೂ ನೆಲಕ್ಕೆ ಬರುತ್ತಾ? ಅಡ್ಡಡ್ಡ ಎಷ್ಟು ದೂರ ಹೋಗಬಹುದು?

ಇಲ್ಲ. ನಾಲ್ಕರಲ್ಲಿ ಸುಮಾರು ಮೂರು ಮೋಡದೊಳಗೇ ಅಥವಾ ಮೋಡದಿಂದ ಮೋಡಕ್ಕೆ ಹರಿದು ಮುಗಿಯುತ್ತವೆ. ಅಡ್ಡ ಹೋದರೆ ಎಷ್ಟು ದೂರ? ಅಮೆರಿಕದ ಟೆಕ್ಸಾಸ್‌ನ ಪೂರ್ವ ಭಾಗದಿಂದ ಕ್ಯಾನ್ಸಾಸ್ ಸಿಟಿ ಹತ್ತಿರದವರೆಗೆ 2017ರ ಅಕ್ಟೋಬರ್ 22ರಂದು ಹರಡಿದ ಒಂದು ಮಿಂಚಿನ ಉದ್ದ 829 ಕಿಲೋಮೀಟರ್. ವಿಶ್ವ ಹವಾಮಾನ ಸಂಸ್ಥೆ ಇದನ್ನು 2025ರಲ್ಲಿ ದಾಖಲೆ ಅಂತ ಘೋಷಿಸಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ ವಾಪಸ್ ಬರುವಷ್ಟು ದೂರ ಹೆಚ್ಚು ಕಮ್ಮಿ. ಹೊತ್ತಿನ ದಾಖಲೆ ಬೇರೆ: 2020ರ ಜೂನ್ 18ರಂದು ಉರುಗ್ವೆ ಮತ್ತು ಉತ್ತರ ಅರ್ಜೆಂಟೀನಾದ ಮೇಲೆ ಒಂದೇ ಮಿಂಚು 17.1 ಸೆಕೆಂಡ್ ಉರಿಯಿತು. ಇವೆಲ್ಲ ನೂರಾರು ಕಿಲೋಮೀಟರ್ ಅಗಲದ ಮೋಡದ ಹಾಸುಗಳಲ್ಲಿ ಆಗುವಂಥವು. ನಮ್ಮ ಕಡೆಯ ಒಂಟಿ ಬೇಸಿಗೆ ಮೋಡಕ್ಕೆ ಅಷ್ಟು ಅಗಲ ಇರುವುದಿಲ್ಲ.

ಇಲ್ಲಿ ಬಿಸಿಲಿದೆ, ಮೋಡ ದೂರದಲ್ಲಿದೆ. ಆದರೂ ಸಿಡಿಲು ಬಡಿಯಬಹುದಾ?

ಬಡಿಯಬಹುದು. ಲೀಡರ್ ಮೋಡದ ಪಕ್ಕದಿಂದ ಹೊರಬಂದು, ಬರಿ ಗಾಳಿಯಲ್ಲಿ 10-15 ಕಿಲೋಮೀಟರ್ ಅಡ್ಡ ಸಾಗಿ ಆಮೇಲೆ ನೆಲಕ್ಕಿಳಿದ ಉದಾಹರಣೆಗಳಿವೆ. ಮೋಡ ಅಣ್ಣಿಗೇರಿ ಮೇಲಿದೆ, ನಮಗೇನು ಅಂತ ಹೊಲದಲ್ಲಿ ನಿಲ್ಲಬೇಡಿ. ಗುಡುಗು ಕಿವಿಗೆ ಬಿತ್ತು ಅಂದರೆ ನೀವು ಅದರ ಅಳತೆಯೊಳಗೇ ಇದ್ದೀರಿ.

ಪಾಸಿಟಿವ್ ಸಿಡಿಲು ಅಂದರೆ?

ಮೋಡದ ಪಾಸಿಟಿವ್ ಭಾಗದಿಂದ ನೆಲಕ್ಕೆ ಬರುವುದು. ನೆಲಕ್ಕೆ ಬಡಿಯುವವುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತೂ ಇರುವುದಿಲ್ಲ. ಹೆಚ್ಚಾಗಿ ಒಂದೇ ಏಟು, ಆದರೆ ಕರೆಂಟು ಬಹಳ ಹೊತ್ತು ಹರಿಯುತ್ತದೆ. ಬಣವೆಗೆ ಬೆಂಕಿ ಹತ್ತುವುದು ಇಂಥ ಉದ್ದನೆಯ ಕರೆಂಟಿನಿಂದ.

ಕಪ್ಪತಗುಡ್ಡದ ಗಾಳಿಯಂತ್ರಗಳಿಗೆ ಏನೂ ಆಗುವುದಿಲ್ವಾ?

ಆಗುತ್ತದೆ, ಅದಕ್ಕೇ ರೆಕ್ಕೆಯೊಳಗೆ ತಂತಿ ಹಾಕಿ ನೆಲದವರೆಗೆ ದಾರಿ ಮಾಡಿಕೊಟ್ಟಿರುತ್ತಾರೆ. ಅಷ್ಟು ಎತ್ತರದ ವಸ್ತುಗಳಲ್ಲಿ ಇನ್ನೊಂದು ವಿಶೇಷ ಇದೆ. ಗುಡ್ಡದ ತಲೆಯ ಮೇಲೆ ನೂರು ಮೀಟರ್ ಗೋಪುರ ನಿಂತರೆ, ಮೋಡದಿಂದ ಲೀಡರ್ ಇಳಿಯುವುದನ್ನು ಕಾಯದೆ ಅದರ ತುದಿಯಿಂದಲೇ ಲೀಡರ್ ಹೊರಟು ಮೋಡಕ್ಕೆ ಹೋಗಬಹುದು. ಅಂದರೆ ಆ ಗೋಪುರ ಇಲ್ಲದಿದ್ದರೆ ಆ ಮಿಂಚೇ ಹುಟ್ಟುತ್ತಿರಲಿಲ್ಲ.

ಸ್ವಿಟ್ಜರ್ಲೆಂಡಿನ ಸೆಂಟಿಸ್ ಪರ್ವತದ 124 ಮೀಟರ್ ಗೋಪುರದ ಪಕ್ಕ 2021ರ ಬೇಸಿಗೆಯಲ್ಲಿ ಇದರ ಮೇಲೊಂದು ಪ್ರಯೋಗ ಮಾಡಿದರು. ಬಲವಾದ ಲೇಸರ್ ಬಿಟ್ಟು ಗಾಳಿಯಲ್ಲಿ ಬಿಸಿ ಗೆರೆ ಎಳೆದರು. ಗೋಪುರದಿಂದ ಎದ್ದ ಲೀಡರ್ ಸುಮಾರು 50 ಮೀಟರ್ ದೂರ ಆ ಗೆರೆಯನ್ನೇ ಹಿಡಿದು ಹೋಯಿತು. ಸಿಡಿಲಿಗೆ ದಾರಿ ತೋರಿಸಬಹುದು ಅಂತಾಯಿತು, ಆದರೆ 50 ಮೀಟರ್‌ಗೆ ಅಷ್ಟು ದೊಡ್ಡ ಲೇಸರ್ ಬೇಕು. ನಮ್ಮೂರ ಗುಡಿಗೆ ತಾಮ್ರದ ಸರಳೇ ವಾಸಿ.

ಸಿಡಿಲು ನಿರೋಧಕ ಸರಳು ಸಿಡಿಲನ್ನು ಮನೆಗೆ ಕರೆಯುತ್ತದೆ ಅಂತಾರೆ. ನಿಜಾನಾ?

ಮೋಡದಿಂದ ಕರೆಯುವ ಶಕ್ತಿ ಅದಕ್ಕಿಲ್ಲ. ಕೊನೆಯ ಹತ್ತಾರು ಮೀಟರ್‌ಗಳಲ್ಲಿ ಹೇಗೂ ಬಡಿಯಲಿದ್ದದ್ದನ್ನು ತನ್ನ ಮೈಮೇಲೆ ತೆಗೆದುಕೊಂಡು ನೆಲಕ್ಕೆ ಬಿಡುತ್ತದೆ, ಅಷ್ಟೇ ಅದರ ಕೆಲಸ. ಎಂಜಿನಿಯರುಗಳು 20ರಿಂದ 60 ಮೀಟರ್ ತ್ರಿಜ್ಯದ ಒಂದು ಚೆಂಡು ಕಟ್ಟಡದ ಮೇಲೆ ಉರುಳಿದರೆ ಎಲ್ಲೆಲ್ಲಿ ತಾಗುತ್ತದೆ ಅಂತ ಲೆಕ್ಕ ಹಾಕಿ ಸರಳು ನಿಲ್ಲಿಸುತ್ತಾರೆ. ಮೋಡದ ಚಾರ್ಜನ್ನೇ ಖಾಲಿ ಮಾಡಿ ಸಿಡಿಲು ಬಾರದಂತೆ ಮಾಡುತ್ತೇವೆ ಅಂತ ಮಾರಲು ಬಂದವರಿಗೆ ಚಹಾ ಕೊಟ್ಟು ಕಳಿಸಿ.

ಅರ್ಥಿಂಗ್ ಕಡೆ ಮಾತ್ರ ಗಮನ ಇರಲಿ. ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಸರಳು ಮತ್ತು ಮಣ್ಣಿನ ನಡುವೆ ಸಂದು ಬೀಳುತ್ತದೆ. ಸಿಡಿಲು ಬರುವುದೂ ಅದೇ ಹೊತ್ತಿಗೆ. ಗುಂಡಿಗೆ ಆಗಾಗ ನೀರು ಹಾಕಿಸಿ.

ಸಿಡಿಲು ಬಡಿದ ಬೇವಿನ ಮರದ ತೊಗಟೆ ಒಂದೇ ಪಟ್ಟಿಯಾಗಿ ಸುಲಿದಿರುತ್ತದೆ. ಏನದು?

ಹತ್ತಿರ ಹೋಗಿ ನೋಡಿ, ಮಳೆ ನಿಂತ ಮೇಲೆ. ಮೇಲಿನ ಕೊಂಬೆಯಿಂದ ಬುಡದವರೆಗೆ ಮೂರು ನಾಲ್ಕು ಬೆರಳಗಲ ತೊಗಟೆ ಹೋಗಿ ಒಳಗಿನ ಬಿಳಿ ಕಟ್ಟಿಗೆ ಕಾಣುತ್ತದೆ. ಮಸಿ ಇರುವುದಿಲ್ಲ, ಸುಟ್ಟ ಗುರುತೂ ಅಷ್ಟಾಗಿ ಇರುವುದಿಲ್ಲ. ಗೆರೆ ನೇರವಾಗಿಲ್ಲದೆ ಕಟ್ಟಿಗೆಯ ನಾರು ತಿರುಚಿದ ಹಾಗೆ ತಾನೂ ತಿರುಚಿರುತ್ತದೆ. ತೊಗಟೆಯ ಚೂರುಗಳು ಎಷ್ಟೋ ದೂರ ಸಿಡಿದು ಬಿದ್ದಿರುತ್ತವೆ. ಕರೆಂಟು ತೊಗಟೆಯ ಕೆಳಗಿನ ಹಸಿ ರಸದಲ್ಲಿ ಹರಿದಿದೆ, ರಸ ಒಮ್ಮೆಲೇ ಆವಿಯಾಗಿದೆ, ಆವಿ ತೊಗಟೆಯನ್ನು ಒಳಗಿಂದ ಒದ್ದು ಹಾರಿಸಿದೆ. ಅಂದರೆ ಗಾಳಿಯಲ್ಲಿ ಸುಲಭದ ದಾರಿ ಹುಡುಕಿದ್ದು ಮರದೊಳಗೂ ಅದನ್ನೇ ಮಾಡಿದೆ. ಇಂಥ ಮರ ಹಲವು ಸಲ ಬದುಕಿಕೊಳ್ಳುತ್ತದೆ. ತೆಂಗಿನ ಮರಕ್ಕೆ ಸುಳಿ ಸುಟ್ಟರೆ ಮುಗಿಯಿತು.

ಗುಡುಗು ಅಷ್ಟು ಹೊತ್ತು ಉರುಳುವುದು ಯಾಕೆ? ಕೆಲವು ಸಲ ಮಿಂಚಿಗೆ ಶಬ್ದವೇ ಇರುವುದಿಲ್ಲವಲ್ಲ?

ದಾರಿಯ ಗಾಳಿ ಒಮ್ಮೆಲೇ ಕಾದು ಹಿಗ್ಗುವ ಸದ್ದೇ ಗುಡುಗು. ಕಿಲೋಮೀಟರುಗಟ್ಟಲೆ ಉದ್ದದ ದಾರಿ ಎಲ್ಲ ಕಡೆ ಒಂದೇ ಹೊತ್ತಿಗೆ ಸದ್ದು ಮಾಡುತ್ತದೆ. ಹತ್ತಿರದ ಭಾಗದ್ದು ಮೊದಲು ಕೇಳುತ್ತದೆ, ದೂರದ್ದು ಆಮೇಲೆ. ಅದಕ್ಕೇ ಮೊದಲು ಚಟಾರ್, ಆಮೇಲೆ ಗುಡುಗುಡು. ಮಿಂಚು ಕಂಡ ಮೇಲೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್.

15-20 ಕಿಲೋಮೀಟರ್ ದಾಟಿದರೆ ಸದ್ದು ಬಗ್ಗಿ ಮೇಲಕ್ಕೆ ಹೋಗಿಬಿಡುತ್ತದೆ. ಧಾರವಾಡದ ಮೇಲಿನ ಮಿಂಚು ರಾತ್ರಿ ಹುಬ್ಬಳ್ಳಿಯ ನೃಪತುಂಗ ಬೆಟ್ಟದಿಂದ ಚೆನ್ನಾಗಿ ಕಾಣುತ್ತದೆ, ಗುಡುಗು ಮಾತ್ರ ಕೇಳದೇ ಇರಬಹುದು.

ಮರದ ಕೆಳಗೆ ನಿಂತ ಕುರಿಗಳು ಒಮ್ಮೆಲೇ ಹತ್ತಿಪ್ಪತ್ತು ಸಾಯುತ್ತವೆ. ಸಿಡಿಲು ಎಲ್ಲವನ್ನೂ ಬಡಿಯುತ್ತಾ?

ಬಡಿಯುವುದು ಮರವನ್ನು. ಕೊಲ್ಲುವುದು ನೆಲದಲ್ಲಿ ಹರಡುವ ಕರೆಂಟು. ಮರದ ಬುಡದಿಂದ ದೂರ ಹೋದ ಹಾಗೆ ನೆಲದ ವೋಲ್ಟೇಜ್ ಇಳಿಯುತ್ತದೆ. ಕುರಿಯ ಮುಂಗಾಲು ಒಂದು ವೋಲ್ಟೇಜ್‌ನಲ್ಲಿ, ಹಿಂಗಾಲು ಇನ್ನೊಂದರಲ್ಲಿ. ಆ ವ್ಯತ್ಯಾಸದಿಂದ ಕರೆಂಟು ಒಂದು ಕಾಲಿನಿಂದ ಹತ್ತಿ ಎದೆ ದಾಟಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಎತ್ತು, ಎಮ್ಮೆಗೆ ಕಾಲುಗಳ ನಡುವಿನ ಅಂತರ ಇನ್ನೂ ಜಾಸ್ತಿ, ಅಪಾಯವೂ ಜಾಸ್ತಿ. ಕುರಿಗಾಹಿಗಳು ಮೋಡ ಕಂಡ ತಕ್ಷಣ ಹಿಂಡನ್ನು ಒಂಟಿ ಬನ್ನಿ ಮರ, ಜಾಲಿ ಮರದಿಂದ ದೂರ, ತಗ್ಗಿನ ಕಡೆಗೆ ಹೊಡೆಯಬೇಕು. ತಂತಿ ಬೇಲಿಗೆ ಒತ್ತಿ ನಿಲ್ಲಿಸಬಾರದು.

ಹೊಲದ ನಡುವೆ ಸಿಕ್ಕಿಕೊಂಡರೆ ಏನು ಮಾಡಬೇಕು?

ಮೊದಲ ಗುಡುಗಿಗೇ ಮನೆ ಕಡೆ ಹೊರಡಿ. ಪಕ್ಕಾ ಮನೆ ಅಥವಾ ಮುಚ್ಚಿದ ಬಸ್ಸು, ಕಾರು ಸುರಕ್ಷಿತ. ಚಿಗರಿ ಬಸ್ಸಿನಲ್ಲಿ ಕೂತಿದ್ದರೆ ಕೂತೇ ಇರಿ, ಲೋಹದ ಮೈ ಕರೆಂಟನ್ನು ಹೊರಗಿನಿಂದಲೇ ಇಳಿಸುತ್ತದೆ. ನಾಲ್ಕು ಕಂಬದ ತಗಡಿನ ಶೆಡ್ಡು, ಗುಡಿಸಲು, ಟ್ರ್ಯಾಕ್ಟರಿನ ಸೀಟು ಇವು ಯಾವುವೂ ಲೆಕ್ಕಕ್ಕಿಲ್ಲ. ಪಂಪ್‌ಸೆಟ್ ಸ್ಟಾರ್ಟರ್ ಮುಟ್ಟಬೇಡಿ, ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಹತ್ತಿರ ನಿಲ್ಲಬೇಡಿ. ಎಲ್ಲೂ ಹೋಗಲಾಗದಿದ್ದರೆ ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂತು ತಲೆ ತಗ್ಗಿಸಿ. ಪಾದ ಜೋಡಿಸುವುದು ಕುರಿಯ ಕಾಲಿನ ಕಾರಣಕ್ಕೇ. ಮಲಗಬೇಡಿ. ಕೂದಲು ನೆಟ್ಟಗೆ ನಿಂತರೆ ನಿಮ್ಮ ತಲೆಯಿಂದಲೂ ಲೀಡರ್ ಏಳಲು ತಯಾರಾಗಿದೆ ಅಂತ ಅರ್ಥ, ಒಂದು ಕ್ಷಣವೂ ತಡ ಮಾಡದೆ ಕೂತುಬಿಡಿ.

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಫೋನಿನಲ್ಲಿರಲಿ. ಹತ್ತಿರದ 20 ಮತ್ತು 40 ಕಿಲೋಮೀಟರ್ ಒಳಗಿನ ಸಿಡಿಲನ್ನು ತೋರಿಸುತ್ತದೆ. ದೇಶದಲ್ಲಿ ಪ್ರತಿ ವರ್ಷ 2 ಸಾವಿರಕ್ಕೂ ಜಾಸ್ತಿ ಜನ ಸಿಡಿಲಿಗೆ ಸಾಯುತ್ತಾರೆ, ಬಹಳಷ್ಟು ಜನ ಹೊಲದಲ್ಲೇ.

ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತಾ?

ಇಲ್ಲ. ಮೈಯಲ್ಲಿ ಕರೆಂಟು ಉಳಿಯುವುದಿಲ್ಲ. ಉಸಿರು ನಿಂತಿದ್ದರೆ ತಕ್ಷಣ ಎದೆ ಒತ್ತಲು ಶುರು ಮಾಡಿ, ಇನ್ನೊಬ್ಬರಿಂದ 108ಕ್ಕೆ ಫೋನ್ ಮಾಡಿಸಿ. ಸತ್ತಂತೆ ಕಂಡವರು ಎಷ್ಟೋ ಸಲ ಇದರಿಂದ ಬದುಕಿದ್ದಾರೆ.

ಮೊಬೈಲ್ ಸಿಡಿಲನ್ನು ಸೆಳೆಯುತ್ತಾ? ಪಾಯಾಳು ಇದ್ದವರಿಗೆ ಸಿಡಿಲು ಬಡಿಯುತ್ತೆ ಅಂತಾರೆ, ಹೌದಾ?

ಎರಡೂ ಇಲ್ಲ. ಮೊಬೈಲಿನ ಅಲೆಗಳಿಂದ ಲೀಡರ್‌ಗೆ ಏನೂ ಆಗುವುದಿಲ್ಲ. ಕಾಲು ಮುಂದಾಗಿ ಹುಟ್ಟಿದವರು, ತಲೆ ಮುಂದಾಗಿ ಹುಟ್ಟಿದವರು ಅಂತ ಅದು ವಿಚಾರಿಸುವುದೂ ಇಲ್ಲ. ಅರ್ಜುನನ ಹತ್ತು ಹೆಸರು ಹೇಳಬೇಕು ಅನಿಸಿದರೆ ಹೇಳಿ, ಮನೆಯೊಳಗೆ ಕೂತು ಹೇಳಿ.

ಇದೆಲ್ಲ ಕಣ್ಣಿಗೆ ಕಾಣುವುದಿಲ್ಲ ಅಂದಮೇಲೆ ಕಂಡುಹಿಡಿದದ್ದು ಹೇಗೆ?

ಕ್ಯಾಮೆರಾದಿಂದ. ಇಂಗ್ಲೆಂಡಿನ ಸಿ. ವಿ. ಬಾಯ್ಸ್ ಸುಮಾರು 1900ರಲ್ಲಿ ತಿರುಗುವ ಲೆನ್ಸಿನ ಕ್ಯಾಮೆರಾ ಮಾಡಿದರು. ಲೆನ್ಸು ತಿರುಗುವುದರಿಂದ ಮಿಂಚಿನ ಬೇರೆ ಬೇರೆ ಕ್ಷಣಗಳು ಫಿಲ್ಮಿನ ಬೇರೆ ಬೇರೆ ಜಾಗದಲ್ಲಿ ಬೀಳುತ್ತವೆ. ದಕ್ಷಿಣ ಆಫ್ರಿಕಾದಲ್ಲಿ ಬೇಸಿಲ್ ಶೋನ್‌ಲ್ಯಾಂಡ್ ಮತ್ತು ಜೊತೆಗಾರರು 1930ರ ದಶಕದಲ್ಲಿ ಅದನ್ನು ಬಳಸಿ ಹೆಜ್ಜೆ ಹೆಜ್ಜೆಯಾಗಿ ಇಳಿಯುವ ಲೀಡರನ್ನು ಮೊದಲು ಹಿಡಿದರು. ಈಗ ಮೋಡದೊಳಗಿನ ದಾರಿಯನ್ನು ರೇಡಿಯೋ ಸದ್ದಿನಿಂದ ಗುರುತಿಸುತ್ತಾರೆ. ಮೀಡಿಯಂ ವೇವ್‌ನಲ್ಲಿ ರೇಡಿಯೋ ಹಚ್ಚಿದಾಗ ಮಳೆಗೆ ಮೊದಲು ಬರುವ ಕರಕರ ಸದ್ದೂ ಅದೇ ಜಾತಿಯದು.

ನಮ್ಮ ಫೋನಿನಲ್ಲಿ ಲೀಡರ್ ಹಿಡಿಯಬಹುದಾ?

ಹಿಡಿಯಬಹುದು. ಮನೆಯೊಳಗೆ, ಕಿಟಕಿಯಿಂದ ಒಂದಿಷ್ಟು ದೂರ ಫೋನ್ ನಿಲ್ಲಿಸಿ ಸ್ಲೋ ಮೋಷನ್ ಹಾಕಿ. ಸೆಕೆಂಡಿಗೆ 240 ಫ್ರೇಮ್ ಇದ್ದರೆ ಒಂದೊಂದು ಫ್ರೇಮಿಗೆ ಸುಮಾರು 4 ಮಿಲಿಸೆಕೆಂಡ್. ಲೀಡರ್ ಇಳಿಯಲು 20-30 ಮಿಲಿಸೆಕೆಂಡ್ ಬೇಕಾದ್ದರಿಂದ ಅದಕ್ಕೆ ಐದಾರು ಫ್ರೇಮ್ ಸಿಗುತ್ತದೆ. ಆಮೇಲೆ ಕೂತು ಒಂದೊಂದೇ ಫ್ರೇಮ್ ಸರಿಸಿ. ಮೊದಲು ಮೋಡದ ಕೆಳಗೆ ನೇರಳೆ ಬಣ್ಣದ ಸಣ್ಣ ಎಳೆ. ಮುಂದಿನ ಫ್ರೇಮಿನಲ್ಲಿ ಅದು ಉದ್ದವಾಗಿ ಎರಡು ಮೂರು ಕವಲಾಗಿರುತ್ತದೆ. ಅದರ ಮುಂದೆ ಇನ್ನಷ್ಟು ಕವಲು, ಎಲ್ಲವೂ ಕೆಳಮುಖ. ಆಮೇಲೆ ಒಂದು ಫ್ರೇಮ್ ಪೂರ್ತಿ ಬಿಳಿ. ಅದಾದ ಮೇಲೆ ಉಳಿಯುವುದು ಒಂದೇ ಗೆರೆ, ನೆಲ ಮುಟ್ಟಿದ್ದು. ಉಳಿದ ಕವಲುಗಳು ಅರ್ಧ ದಾರಿಯಲ್ಲೇ ಆರಿರುತ್ತವೆ. ಎಲ್ಲ ಕವಲುಗಳೂ ಮೇಲ್ಮುಖವಾಗಿ ಕಂಡರೆ ಕೆಳತುದಿಯಲ್ಲಿ ಏನಿದೆ ನೋಡಿ, ಟವರೋ ಗಾಳಿಯಂತ್ರವೋ ಇರಬೇಕು.